ಮುಟ್ಟುಗೋಲಾದ ಪುಸ್ತಕಗಳು ಮತ್ತು ನನ್ನ ಕೆಂಪು ಶಾಯಿ



ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಮಕ್ಕಳೊಂದಿಗೆ ನಮ್ಮ ಮನೆಗೆ ಬಂದಿದ್ದಳು. ಈಗ ಅವಳೂ ನನ್ನಂತೆಯೇ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಾಳೆ. ಸಂಜೆ ಎಲ್ಲರೂ ಮಾರಿಕಣಿವೆಗೆ ಹೋದೆವು. ಸರ್ಕಾರಿ ಕಾಗದಗಳಲ್ಲಿ ಅದು ವಾಣಿವಿಲಾಸ ಸಾಗರವಾದರೂ ನಮ್ಮ ಸೀಮೆಯವರ ಬಾಯಲ್ಲಿ ಇಂದಿಗೂ ಮಾರಿಕಣಿವೆಯೇ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಆ ಅಣೆಕಟ್ಟಿಗೆ ಮಹಾರಾಣಿಯವರ ಹೆಸರಿಟ್ಟರು. ಜನ ಮಾತ್ರ ಕಣಿವೆ ಮಾರಮ್ಮನನ್ನು ಬಿಟ್ಟುಕೊಡಲಿಲ್ಲ. 1933ರಲ್ಲೊಮ್ಮೆ ಕೋಡಿ ಬಿದ್ದದ್ದು, ಮತ್ತೆ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು. 2025ರ ಜನವರಿಯಲ್ಲಿ ಮತ್ತೊಮ್ಮೆ 130 ಅಡಿ ತುಂಬಿತು. ಇದನ್ನೆಲ್ಲ ಅವಳ ಮಕ್ಕಳಿಗೆ ಮೇಷ್ಟ್ರ ಧಾಟಿಯಲ್ಲಿ ವಿವರಿಸುತ್ತಿದ್ದಾಗ ಅವಳು ನಡುವೆ ಮಾತು ತೆಗೆದಳು.

“ಸಾರ್, ಬಹಳ ವರ್ಷದಿಂದ ಒಂದು ಮಾತು ಕೇಳಬೇಕು ಅಂತಿದ್ದೆ. ನಮ್ಮ ನಾಟಕದಲ್ಲಿ ಆ ಮೂರು ಸಾಲು ಏಕೆ ಹೊಡೆದು ಹಾಕಿದಿರಿ?”

ಯಾವ ನಾಟಕ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. 1998ರ ಆರಂಭದ ತಿಂಗಳುಗಳು; ಶಾಲಾ ವಾರ್ಷಿಕೋತ್ಸವಕ್ಕೆ ಹತ್ತನೆಯ ತರಗತಿಯವರು ಬಸವಣ್ಣನವರ ಕಲ್ಯಾಣವನ್ನು ಕುರಿತು ಒಂದು ಚಿಕ್ಕ ನಾಟಕವನ್ನು ತಾವೇ ಬರೆದಿದ್ದರು. ಬರವಣಿಗೆ ಮುಖ್ಯವಾಗಿ ಅವಳದು. ಬಿಜ್ಜಳನ ಆಸ್ಥಾನದಲ್ಲಿ ಒಬ್ಬ ವಿದೂಷಕ ಬಸವಣ್ಣನವರನ್ನು ಹಾಸ್ಯ ಮಾಡುವ ಸಂದರ್ಭವಿತ್ತು. ಅದಕ್ಕೆ ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. “ಸಮಯ ಸಾಲದಮ್ಮ, ನಾಟಕ ಉದ್ದವಾಯಿತು” ಎಂದು ಕಾರಣ ಹೇಳಿದ್ದೆ. ಅದು ಸುಳ್ಳು. ಹದಿನೈದು ನಿಮಿಷದ ನಾಟಕದಲ್ಲಿ ಮೂರು ಸಾಲಿಗೆ ಎಷ್ಟು ಸಮಯ ಬೇಕು?

ಅಂದು ನಾನು ಏಕೆ ಹೆದರಿದೆ ಎಂಬುದನ್ನು ಹೇಳಬೇಕಾದರೆ ಆ ಕಾಲವನ್ನು ಸ್ವಲ್ಪ ವಿವರಿಸಬೇಕು. ನಿಮ್ಮಲ್ಲಿ ಅನೇಕರಿಗೆ ಆಗ ಪತ್ರಿಕೆ ಓದುವ ವಯಸ್ಸಾಗಿರಲಿಲ್ಲ.

ಡಾ. ಪಿ.ವಿ. ನಾರಾಯಣ ಅವರು ಬರೆದ ‘ಧರ್ಮಕಾರಣ’ ಎಂಬ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ವಚನಕಾರರ ಕಾಲದ ಕಥೆ. ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಅದಕ್ಕೆ ದೊರೆಯಿತು. ಆದರೆ ಬಸವಣ್ಣನವರ ಅಕ್ಕ ನಾಗಮ್ಮನವರ ಚಿತ್ರಣ ಭಕ್ತರ ಮನಸ್ಸನ್ನು ನೋಯಿಸಿತೆಂಬ ಕೂಗೆದ್ದಿತು. 1997ರಲ್ಲಿ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಒಂದು ಕೈ ಶಾಲು ಹೊದಿಸಿತು, ಇನ್ನೊಂದು ಕೈ ಪುಸ್ತಕ ಕಸಿದುಕೊಂಡಿತು. ಬರಗೂರು ರಾಮಚಂದ್ರಪ್ಪ ಮೊದಲಾದ ಲೇಖಕರು ನ್ಯಾಯಾಲಯದ ಮೆಟ್ಟಿಲೇರಿದರು. ಉಚ್ಚ ನ್ಯಾಯಾಲಯದಲ್ಲಿ ಗೆಲುವು ಸಿಗಲಿಲ್ಲ. 2007ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವೂ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಅಭಿವ್ಯಕ್ತಿ ಸ್ವಾತಂತ್ರ್ಯ ಅಮೂಲ್ಯವಾದರೂ ಇತರರ ಭಾವನೆಗಳನ್ನು ಘಾಸಿಗೊಳಿಸುವಷ್ಟು ಅನಿರ್ಬಂಧಿತವಲ್ಲ ಎಂಬುದು ತೀರ್ಪಿನ ಸಾರ.

ಇದಕ್ಕೂ ಎಂಟು ವರ್ಷ ಹಿಂದೆ, 1989ರಲ್ಲಿ, ಧಾರವಾಡದ ಡಾ. ಎಂ.ಎಂ. ಕಲಬುರ್ಗಿಯವರಿಗೆ ಇಂಥದೇ ಪ್ರಸಂಗ ಎದುರಾಗಿತ್ತು. ‘ಮಾರ್ಗ’ ಎಂಬ ಸಂಶೋಧನ ಸಂಪುಟದಲ್ಲಿ ಅವರು ಚನ್ನಬಸವಣ್ಣನವರ ಜನನವನ್ನೂ ನೀಲಾಂಬಿಕೆಯವರ ದಾಂಪತ್ಯವನ್ನೂ ಕುರಿತು ವಚನಗಳ ಆಧಾರದ ಮೇಲೆ ಕೆಲವು ಊಹೆಗಳನ್ನು ಮಂಡಿಸಿದ್ದರು. ಸಮುದಾಯದ ಹಿರಿಯರ ಮುಂದೆ ನಿಂತು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಕುಟುಂಬದವರ ಜೀವದ ದೃಷ್ಟಿಯಿಂದ ಹಾಗೆ ಮಾಡಿದೆನೆಂದೂ ಅಂದು ತಾವು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡಂತಾಯಿತೆಂದೂ ಅವರು ಹೇಳಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಆ ಊಹೆಗಳು ಏನೆಂಬುದನ್ನು ನಾನಿಲ್ಲಿ ಬಿಡಿಸಿ ಹೇಳಿಲ್ಲವೆಂಬುದನ್ನು ನೀವು ಗಮನಿಸಿರಬಹುದು. ಬರೆಯುತ್ತ ಬರೆಯುತ್ತ ನನಗೂ ಗಮನಕ್ಕೆ ಬಂತು. ಓದುವವರಲ್ಲಿ ನನ್ನ ಬೀಗರಿದ್ದಾರೆ, ಮಠದ ಶಾಲೆಗಳಲ್ಲಿ ಕೆಲಸ ಮಾಡುವ ಶಿಷ್ಯರಿದ್ದಾರೆ. ಎಪ್ಪತ್ತರ ಹತ್ತಿರ ಬಂದರೂ ಕೆಂಪು ಶಾಯಿಯ ಪೆನ್ನು ಜೇಬಿನಲ್ಲೇ ಇದೆ ಎಂದಾಯಿತು.

ಇನ್ನು ನಮ್ಮ ಜಿಲ್ಲೆಯವರ ಕಥೆಗೆ ಬರುತ್ತೇನೆ. ಮಾತೆ ಮಹಾದೇವಿಯವರು ಹುಟ್ಟಿದ್ದು 1946ರಲ್ಲಿ, ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯಲ್ಲಿ. ಲಿಂಗಾನಂದ ಸ್ವಾಮಿಗಳಿಂದ ದೀಕ್ಷೆ ಪಡೆದು, ಜಗದ್ಗುರು ಪೀಠವೇರಿದ ಮೊದಲ ಮಹಿಳೆ ಎಂದು ಹೆಸರಾದವರು. ಅವರ ‘ಹೆಪ್ಪಿಟ್ಟ ಹಾಲು’ ಕಾದಂಬರಿಯನ್ನು ನಮ್ಮ ಕಾಲೇಜು ದಿನಗಳಲ್ಲಿ ಹೆಣ್ಣುಮಕ್ಕಳು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದರು. ಇಂಥವರು 1990ರ ದಶಕದಲ್ಲಿ ‘ವಚನ ದೀಪ್ತಿ’ ಎಂಬ ಹೆಸರಿನಲ್ಲಿ ಬಸವಣ್ಣನವರ ವಚನಗಳನ್ನು ಪ್ರಕಟಿಸುವಾಗ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದು ‘ಲಿಂಗದೇವ’ ಎಂದು ಮಾಡಿದರು. ಬಸವಧರ್ಮದ ದೇವರು ಲಿಂಗದೇವ, ಆದ್ದರಿಂದ ಆ ಹೆಸರೇ ಸೂಕ್ತ ಎಂಬುದು ಅವರ ನಿಲುವು. ನಾಡಿನಾದ್ಯಂತ ಪ್ರತಿಭಟನೆಗಳಾದವು. 1998ರಲ್ಲಿ ಸರ್ಕಾರ ಆ ಪುಸ್ತಕವನ್ನೂ ಮುಟ್ಟುಗೋಲು ಹಾಕಿತು. ಮೊಕದ್ದಮೆ ಎಷ್ಟು ಕಾಲ ನಡೆಯಿತೆಂದರೆ, ಸರ್ವೋಚ್ಚ ನ್ಯಾಯಾಲಯ ಅವರ ಮೇಲ್ಮನವಿಯನ್ನು ತಿರಸ್ಕರಿಸಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಅನಂತರ ಅವರು ಹಳೆಯ ಅಂಕಿತಕ್ಕೇ ಮರಳುವುದಾಗಿ ತಿಳಿಸಿದರು. 2019ರಲ್ಲಿ ಲಿಂಗೈಕ್ಯರಾದರು.

ಕನ್ನಡ ಮೇಷ್ಟ್ರಾಗಿ ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಅಂಕಿತ ಬದಲಿಸಿದ್ದು ತಪ್ಪು. ಅಂಕಿತವು ವಚನಕ್ಕೆ ಕೊನೆಯಲ್ಲಿ ಅಂಟಿಸಿದ ಚೀಟಿಯಲ್ಲ, ವಚನಕಾರನ ರುಜು. ಕೃಷ್ಣಾ-ಮಲಪ್ರಭೆಯರು ಕೂಡುವ ಆ ಊರಿನಲ್ಲಿ ಬಾಲಕ ಬಸವಣ್ಣ ಬೆಳೆದ ನೆನಪೆಲ್ಲ ಆ ಹೆಸರಿನಲ್ಲಿದೆ. ಎಂಟು ನೂರು ವರ್ಷಗಳಿಂದ ಓಲೆಗರಿಗಳಲ್ಲಿ ಉಳಿದು ಬಂದದ್ದನ್ನು, ಫ.ಗು. ಹಳಕಟ್ಟಿಯವರು ಮನೆ ಮಾರಿ ಮುದ್ರಣಾಲಯ ಹಾಕಿ ಅಚ್ಚು ಮಾಡಿದ್ದನ್ನು, ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಇದು ಪಾಠದ ಶುದ್ಧಿಗೆ ಸಂಬಂಧಿಸಿದ ಮಾತು.

ಆದರೆ ಪಾಠ ಕೆಡಿಸಿದವರಿಗೆ ಉತ್ತರ ಶುದ್ಧಪಾಠವೇ ಹೊರತು ಪೊಲೀಸರಲ್ಲ. ಆ ಉತ್ತರವೂ ಸರ್ಕಾರದ ಬಳಿ ಆಗಲೇ ಸಿದ್ಧವಿತ್ತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿಯೇ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ವನ್ನು ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ಹೊರತಂದಿತ್ತು. ಆ ಮಾಲೆಯ ಪ್ರಧಾನ ಸಂಪಾದಕರು ಯಾರು ಗೊತ್ತೆ? 1989ರಲ್ಲಿ ತಲೆತಗ್ಗಿಸಿ ನಿಲ್ಲಬೇಕಾಗಿ ಬಂದ ಅದೇ ಕಲಬುರ್ಗಿಯವರು. ಬಸವಣ್ಣನವರಿಗೆ ಅಪಚಾರ ಮಾಡಿದರೆಂದು ಯಾರನ್ನು ದೂಷಿಸಿದರೋ ಅವರೇ ಬಸವಣ್ಣನವರ ಮಾತುಗಳನ್ನು ಮನೆಮನೆಗೆ ತಲುಪಿಸಿದರು. ನನ್ನ ಕಪಾಟಿನಲ್ಲಿ ಆ ಸಂಪುಟಗಳು ಈಗಲೂ ಇವೆ. ಒಂದೆರಡನ್ನು ನೀವು ಯಾರೋ ಓದಲು ಒಯ್ದವರು ಹಿಂದಿರುಗಿಸಿಲ್ಲ. ದಯವಿಟ್ಟು ನೆನಪಿಸಿಕೊಳ್ಳಿ.

ಈ ಮುಟ್ಟುಗೋಲಿನ ಹಿಂದಿರುವ ಕಾನೂನು ಹುಟ್ಟಿದ್ದು ಲಾಹೋರಿನಲ್ಲಿ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 1920ರ ದಶಕದಲ್ಲಿ ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಅಣಕಿಸುವ ‘ರಂಗೀಲಾ ರಸೂಲ್’ ಎಂಬ ಕಿರುಹೊತ್ತಗೆ ಅಲ್ಲಿ ಪ್ರಕಟವಾಯಿತು. ಪ್ರಕಾಶಕ ರಾಜಪಾಲರನ್ನು ಶಿಕ್ಷಿಸಲು ಆಗಿನ ದಂಡಸಂಹಿತೆಯಲ್ಲಿ ತಕ್ಕ ವಿಧಿಯಿಲ್ಲವೆಂದು 1927ರಲ್ಲಿ ಲಾಹೋರಿನ ಉಚ್ಚ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಗಲಭೆಯ ಭಯದಿಂದ ಬ್ರಿಟಿಷ್ ಸರ್ಕಾರ ಅದೇ ವರ್ಷ 295-ಎ ಎಂಬ ಹೊಸ ಕಲಮನ್ನು ಸೇರಿಸಿತು. ಅಷ್ಟಾದರೂ ರಾಜಪಾಲರ ಜೀವ ಉಳಿಯಲಿಲ್ಲ. 1929ರಲ್ಲಿ ಅವರ ಕೊಲೆಯಾಯಿತು, ಕೊಂದ ಯುವಕನಿಗೆ ಗಲ್ಲಾಯಿತು. ಸ್ವತಂತ್ರ ಭಾರತ ಆ ಕಲಮನ್ನು ಹಾಗೆಯೇ ಉಳಿಸಿಕೊಂಡಿತು. 1957ರಲ್ಲಿ ಸರ್ವೋಚ್ಚ ನ್ಯಾಯಾಲಯ, ಉದ್ದೇಶಪೂರ್ವಕವಾಗಿ, ಕೆಟ್ಟ ಬುದ್ಧಿಯಿಂದ ಮಾಡಿದ ಅವಮಾನಕ್ಕಷ್ಟೇ ಅದು ಅನ್ವಯಿಸುತ್ತದೆಂದು ಹೇಳಿ ಸಿಂಧುಗೊಳಿಸಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಧಿ 299ನೆಯ ಕಲಮಾಗಿ ಕುಳಿತಿದೆ.

‘ಕೆಟ್ಟ ಬುದ್ಧಿಯಿಂದ’ ಎಂಬ ಮಾತನ್ನು ಸ್ವಲ್ಪ ಗಮನಿಸಿ. ಅವಮಾನಿಸಲೆಂದೇ ಬರೆದವನಿದ್ದಾನೆ. ಸತ್ಯವೇನಿರಬಹುದೆಂದು ಹುಡುಕಿದ ಸಂಶೋಧಕನಿದ್ದಾನೆ. ಕಥೆ ಕಟ್ಟಿದ ಕಾದಂಬರಿಕಾರನಿದ್ದಾನೆ. ಭಕ್ತಿಯ ಅತಿರೇಕದಲ್ಲಿ ಅಂಕಿತವನ್ನೇ ತಿದ್ದಿದ ಮಾತಾಜಿಯವರಿದ್ದಾರೆ. ಪುಸ್ತಕ ಮುಟ್ಟುಗೋಲಿನ ಕಾನೂನಿನ ಕಣ್ಣಿಗೆ ಇವರೆಲ್ಲರೂ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಮೊದಲು ತರಗತಿಯಿಂದ ಹೊರಗೆ ಹಾಕಿ, ಆಮೇಲೆ ತಪ್ಪು ಮಾಡಿದನೇ ಎಂದು ವಿಚಾರಿಸುವ ಮೇಷ್ಟ್ರ ಹಾಗೆ, ಸರ್ಕಾರಕ್ಕೆ ತೋರಿದರೆ ಸಾಕು, ಪುಸ್ತಕ ಮುಟ್ಟುಗೋಲಾಗುತ್ತದೆ. ತಪ್ಪಿಲ್ಲವೆಂದು ಓಡಾಡಬೇಕಾದದ್ದು ಬರೆದವರು. ಹತ್ತು, ಇಪ್ಪತ್ತು ವರ್ಷ.

ಹಾಗೆಂದು ನೋವೇ ಸುಳ್ಳು, ಮಾತಿನಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ. 1986ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದಗೊಂಡ ಕಥೆಯೊಂದು ಬಂದಿತು. ಪ್ರವಾದಿಯವರ ಹೆಸರನ್ನುಳ್ಳ ಒಂದು ಪಾತ್ರವನ್ನು ದಡ್ಡನೆಂದು ಕರೆಯುವ ಶೀರ್ಷಿಕೆ. ಕಥೆ ಪ್ರವಾದಿಯವರನ್ನು ಕುರಿತದ್ದೇ ಅಲ್ಲ. ಆದರೆ ಶೀರ್ಷಿಕೆ ಕಂಡವರ ಮನಸ್ಸು ಉರಿಯಿತು. ಪತ್ರಿಕೆ ಕ್ಷಮೆ ಕೋರಿದರೂ ಗಲಭೆ ನಿಲ್ಲಲಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು, ಹಲವರು ಪೊಲೀಸರ ಗುಂಡಿಗೆ. ಸತ್ತವರಲ್ಲಿ ಎಷ್ಟು ಮಂದಿ ಆ ಕಥೆಯನ್ನು ಓದಿದ್ದರು? ಇಂಗ್ಲಿಷ್ ಪತ್ರಿಕೆ ಅವರ ಮನೆಗೆ ಬರುತ್ತಿತ್ತೇ? ಬೆಂಗಳೂರಿನಲ್ಲಿದ್ದ ನಮ್ಮ ಭಾವನವರ ಸುದ್ದಿ ತಿಳಿಯದೆ ಅಮ್ಮ ಎರಡು ದಿನ ರೇಡಿಯೋ ಬಿಟ್ಟು ಏಳಲಿಲ್ಲ. ಈ ಭಯದಿಂದಲೇ ಆಳುವವರು ಪುಸ್ತಕ ಮುಟ್ಟುಗೋಲು ಹಾಕುತ್ತಾರೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗಲಭೆ ಮಾಡುವವನನ್ನು ಹಿಡಿಯುವುದಕ್ಕಿಂತ ಪುಸ್ತಕ ಹಿಡಿಯುವುದು ಸುಲಭ. ಪುಸ್ತಕ ಕಲ್ಲು ತೂರುವುದಿಲ್ಲ. ಒಮ್ಮೆ ಹೀಗೆ ಸುಲಭದ ದಾರಿ ಹಿಡಿದರೆ, ಗದ್ದಲ ಎಬ್ಬಿಸಿದವರಿಗೆ ಪುಸ್ತಕ ಸಿಗುತ್ತದೆ ಎಂಬ ಲೆಕ್ಕಾಚಾರ ಮುಂದಿನವರಿಗೆ ತಿಳಿದುಬಿಡುತ್ತದೆ.

ಕಲಬುರ್ಗಿಯವರ ಮಟ್ಟಿಗೆ ಅದು ಪುಸ್ತಕದಲ್ಲಿ ನಿಲ್ಲಲಿಲ್ಲ. 2014ರಲ್ಲಿ ಮೂಢನಂಬಿಕೆ ಕುರಿತ ಸಭೆಯಲ್ಲಿ ಅವರು ವಿಗ್ರಹಗಳ ಬಗ್ಗೆ ಅನಂತಮೂರ್ತಿಯವರ ಬರಹವೊಂದನ್ನು ಉಲ್ಲೇಖಿಸಿ ಆಡಿದ ಮಾತು ಮತ್ತೊಂದು ವಿವಾದವಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅಂದು ಭಾನುವಾರ. ಮಾರನೆಯ ದಿನ ತರಗತಿಗೆ ಹೋಗಿ ಹಾಜರಿ ಕೂಗಿ ಸುಮ್ಮನೆ ಕುಳಿತೆ. ಏನು ಹೇಳಬೇಕೆಂದು ತೋಚಲಿಲ್ಲ. “ಸಾರ್, ಅವರು ಏನು ಬರೆದಿದ್ದರು?” ಎಂದು ಒಬ್ಬ ಹುಡುಗ ಕೇಳಿದ. ನಾನು ಸಮಗ್ರ ವಚನ ಸಂಪುಟದ ಹೆಸರು ಹೇಳಿದೆ. ‘ಮಾರ್ಗ’ದ ಹೆಸರು ಹೇಳಲಿಲ್ಲ.

ನಮ್ಮ ನೆಲದಲ್ಲಿ ದೇವರನ್ನೂ ಆಚಾರವನ್ನೂ ಅಣಕಿಸುವುದೇನೂ ಪರದೇಶದಿಂದ ಬಂದ ಚಾಳಿಯಲ್ಲ. ವಚನಕಾರರನ್ನೇ ನೋಡಿ. ಕಲ್ಲಿನ ಹಾವಿಗೆ ನೈವೇದ್ಯವಿಟ್ಟು, ಹುತ್ತದಿಂದ ಬಂದ ಹಾವಿಗೆ ದೊಣ್ಣೆ ಎತ್ತುವವರನ್ನು ಬಸವಣ್ಣನವರು ನಗೆಗೀಡು ಮಾಡಿದರು. ಅಂಬಿಗರ ಚೌಡಯ್ಯನ ಬಾಯಿಗೆ ಸಿಕ್ಕವರಂತೂ ಉಳಿಯುತ್ತಿರಲಿಲ್ಲ. ಅವನ ಕೆಲವು ವಚನಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲು ನನಗೇ ಸಂಕೋಚವಾಗುತ್ತಿತ್ತು. ಅಂದಿನ ಅಗ್ರಹಾರದವರಿಗೆ ಅದೆಲ್ಲ ಧಾರ್ಮಿಕ ಭಾವನೆಗೆ ಬಿದ್ದ ಪೆಟ್ಟೇ ಅಲ್ಲವೇ? ಹರಿದಾಸರಲ್ಲಿ ನಿಂದಾಸ್ತುತಿ ಎಂಬ ಒಂದು ಪ್ರಕಾರವೇ ಇದೆ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಂದು ಕಾಡಿನ ಮಕ್ಕಳು ತಮ್ಮ ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಬೈದು ಸಂಜೆ ಕೈಮುಗಿದು ಹೋಗುತ್ತಾರೆ. ಒಂದು ವ್ಯತ್ಯಾಸವಿದೆ, ಮುಚ್ಚಿಡಬಾರದು: ಅಲ್ಲಿ ಬೈಯುವವರದು ತಮ್ಮದೇ ದೇವರು. ನೆರೆಮನೆಯವರ ದೇವರನ್ನು ಅವರ ಅಂಗಳಕ್ಕೆ ಹೋಗಿ ಬೈದು ಬರುವುದು ಬೇರೆ. ‘ರಂಗೀಲಾ ರಸೂಲ್’ ಆ ಎರಡನೆಯ ಜಾತಿಯದು. ಅದನ್ನು ಸಮರ್ಥಿಸಲು ನನ್ನಿಂದ ಆಗದು. ಆದರೆ ‘ಮಾರ್ಗ’, ‘ಧರ್ಮಕಾರಣ’, ‘ವಚನ ದೀಪ್ತಿ’ ಇವೆಲ್ಲ ಮನೆಯೊಳಗಿನ ಅಥವಾ ಮನೆಯನ್ನು ಪ್ರೀತಿಸಿದವರ ಮಾತುಗಳೇ ಆಗಿದ್ದವು.

ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ವಿಷಯ ನಿಮಗೆಲ್ಲ ತಿಳಿದದ್ದೇ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಆ ಸಣ್ಣ ಊರನ್ನು ರಂಗಭೂಮಿಯ ಕ್ಷೇತ್ರವಾಗಿ ಮಾಡಿದ್ದಾರೆ. ಶಿವಸಂಚಾರದ ಕಲಾವಿದರು ಲಾರಿಯಲ್ಲಿ ರಂಗಸಜ್ಜಿಕೆ ತುಂಬಿಕೊಂಡು ನಾಡೆಲ್ಲ ಸುತ್ತುತ್ತಾರೆ. ಅಲ್ಲಿಯ ಬಯಲು ರಂಗಮಂದಿರದ ಕಲ್ಲುಮೆಟ್ಟಿಲ ಮೇಲೆ ಚಳಿಯಲ್ಲಿ ಶಾಲು ಹೊದ್ದು ನಾವೂ ಎಷ್ಟೋ ನಾಟಕ ನೋಡಿದ್ದೇವೆ. ಕಾರ್ಯಕ್ರಮಗಳನ್ನು ಗಣಪತಿ ಸ್ತುತಿಯಿಂದ ಆರಂಭಿಸುವುದು ನಮ್ಮ ಸಂಸ್ಕೃತಿಯಲ್ಲ, ವಚನದಿಂದ ಆರಂಭಿಸಬೇಕು ಎಂಬ ಅರ್ಥದ ಮಾತನ್ನು 2023ರ ನವೆಂಬರ್‌ನಲ್ಲಿ ಸ್ವಾಮಿಗಳು ಆಡಿದಾಗ ಹಿಂದೂ ಭಾವನೆಗೆ ಧಕ್ಕೆಯಾಯಿತೆಂದು ರಾಜಕೀಯದವರೂ ಇತರರೂ ತಿರುಗಿಬಿದ್ದರು. ನಮ್ಮ ಮನೆಯಲ್ಲೇ ಎರಡು ಪಕ್ಷವಾಯಿತು. ನನ್ನ ಶ್ರೀಮತಿ, “ಮೊದಲ ಪೂಜೆ ಗಣಪನಿಗೇ, ಯಾರು ಏನೇ ಹೇಳಲಿ” ಎಂದು ಅಂದು ಕಡುಬು ಮಾಡಿದರು. ನಾನು ಸ್ವಾಮಿಗಳ ಪರ ವಾದಿಸುತ್ತಲೇ ಆ ಕಡುಬನ್ನು ತಿಂದೆ. ಗಮನಿಸಬೇಕಾದ ಸಂಗತಿ ಇಷ್ಟೇ: 1997ರಲ್ಲಿ ನೊಂದವರೆಂದು ಹೇಳಿಕೊಂಡವರು ಒಂದು ಕಡೆಯವರಾದರೆ ಈ ಸಲ ಅದೇ ಪರಂಪರೆಯ ಗುರುವೊಬ್ಬರು ನೋಯಿಸಿದವರ ಸ್ಥಾನದಲ್ಲಿ ನಿಂತಿದ್ದರು. ಈ ಸಲ ಪುಸ್ತಕವಾಗಲಿ ನಾಟಕವಾಗಲಿ ಮುಟ್ಟುಗೋಲಾಗಲಿಲ್ಲ. ಮಾತಿಗೆ ಮಾತು ಬೆಳೆದು ಕೆಲವು ವಾರಗಳಲ್ಲಿ ತಣ್ಣಗಾಯಿತು. ಹಾಗೆ ಆಗಲು ಬಿಟ್ಟದ್ದೇ ಒಳ್ಳೆಯದಾಯಿತು.

ಕೋಡಿಯ ಬಳಿ ನಿಂತು ಶಿಷ್ಯೆಗೆ ಇಷ್ಟೆಲ್ಲ ಹೇಳಿದೆನೆಂದು ತಿಳಿಯಬೇಡಿ. ಅಲ್ಲಿ ಹೇಳಿದ್ದು ಎರಡೇ ಮಾತು. “ಹೆದರಿದ್ದೆನಮ್ಮ. ಆಗಷ್ಟೇ ಒಂದು ಕಾದಂಬರಿ ಮುಟ್ಟುಗೋಲಾಗಿತ್ತು. ಮುಖ್ಯ ಅತಿಥಿಗಳಾಗಿ ಯಾರು ಬರುತ್ತಿದ್ದರೆಂದು ನಿನಗೂ ನೆನಪಿರಬೇಕು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಸಾಲು ನಿಮಗೆ ನೆನಪಿದೆಯಾ ಸಾರ್?” ಎಂದಳು. ನನಗೆ ನೆನಪಿರಲಿಲ್ಲ. ಗೆರೆ ಎಳೆದದ್ದು ಮಾತ್ರ ನೆನಪಿತ್ತು. ಅವಳಿಗೆ ಬಾಯಿಪಾಠವಾಗಿಯೇ ಇತ್ತು. ವಿದೂಷಕ ಬಸವಣ್ಣನವರ ಸುತ್ತ ಒಂದು ಸುತ್ತು ಬಂದು ಹೇಳುತ್ತಾನೆ: “ಅಯ್ಯಾ ಮಂತ್ರಿಗಳೇ, ಗುಡಿ ಬೇಡ, ಗುಡಿ ಬೇಡ ಎನ್ನುತ್ತೀರಲ್ಲ; ನೋಡುತ್ತಿರಿ, ಒಂದು ದಿನ ನಿಮ್ಮನ್ನೇ ಗುಡಿಯೊಳಗೆ ಕೂರಿಸಿ ಬೀಗ ಹಾಕುತ್ತಾರೆ. ಬೀಗದ ಕೈ ಯಾರ ಸೊಂಟದಲ್ಲಿರಬೇಕೆಂದು ಹೊಡೆದಾಡುತ್ತಾರೆ. ಆಗ ನೀವು ಬೇಡವೆಂದರೂ ಅವರಿಗೆ ಕೇಳಿಸುವುದಿಲ್ಲ.”

ಹದಿನೈದು ವರ್ಷದ ಹುಡುಗಿ ಬರೆದದ್ದು. ಇದರಲ್ಲಿ ಯಾರಿಗೆ ಯಾವ ಅವಮಾನವಿತ್ತೆಂದು ಈಗ ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ. ಆದರೂ ಅಂದು ಸಾಲುಗಳ ಕೆಳಗೆ ಬಸವಣ್ಣ ಎಂಬ ಹೆಸರೂ ವಿದೂಷಕ ಎಂಬ ಹೆಸರೂ ಒಟ್ಟಿಗೆ ಕಂಡದ್ದೇ ಸಾಕಾಗಿತ್ತು, ಕೈ ತಾನಾಗಿಯೇ ಗೆರೆ ಎಳೆದಿತ್ತು. ಇಡೀ ಮಾತನ್ನು ಪೂರ್ತಿ ಓದಿದೆನೋ ಇಲ್ಲವೋ ಎಂಬುದೂ ಈಗ ಅನುಮಾನ.

ಅವಳು ಮುಂದಿನ ಫೆಬ್ರವರಿಯಲ್ಲಿ ತನ್ನ ಶಾಲೆಯ ಮಕ್ಕಳಿಂದ ಅದೇ ನಾಟಕವನ್ನು ಆಡಿಸಬೇಕೆಂದಿದ್ದಾಳೆ, ಆ ಮೂರು ಸಾಲುಗಳೊಂದಿಗೆ. ಅವಳ ಶಾಲೆಯಲ್ಲೂ ಒಬ್ಬಿಬ್ಬರು ಸಹೋದ್ಯೋಗಿಗಳು ಬೇಡವೆಂದು ಸೂಚಿಸಿದ್ದಾರಂತೆ. “ನೀವು ಮುಂದಿನ ಸಾಲಿನಲ್ಲಿ ಬಂದು ಕುಳಿತರೆ ಸಾಕು ಸಾರ್, ಭಾಷಣ ಬೇಡ” ಎಂದಳು. ನೋಡೋಣಮ್ಮ, ಮಂಡಿನೋವು, ಬಸ್ಸಿನ ಪ್ರಯಾಣ ಎಂದೇನೋ ತೊದಲಿದೆ. ಕತ್ತಲಾಯಿತೆಂದು ಮಕ್ಕಳನ್ನು ಕರೆದುಕೊಂಡು ಮನೆಗೆ ಬಂದೆವು.

ಮಾರನೆಯ ಬೆಳಿಗ್ಗೆ ಅವಳು ಊರಿಗೆ ಹೊರಡುವ ಮುನ್ನ, ಬರುತ್ತೇನೆ ಎಂದು ಹೇಳಿದೆ. ರಾತ್ರಿಯೇ ಏಕೆ ಹೇಳಲಿಲ್ಲವೆಂದು ಅವಳು ಕೇಳಲಿಲ್ಲ. ಕೈಚೀಲದಿಂದ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟು, “ಕಾಗುಣಿತ ಒಂದು ಸಲ ನೋಡಿಬಿಡಿ ಸಾರ್” ಎಂದಳು. ನೀಲಿ ಪೆನ್ನಿಗಾಗಿ ಮನೆಯೆಲ್ಲ ಹುಡುಕಿದೆ.